ಮಾಲೀಕ ‘ಇಲ್ಲ’ ಎಂದರೆ ಮುಗಿಯಿತೇ?

ಹರಿಹರ ತಾಲೂಕಿನ ಭಾನುವಳ್ಳಿಯಂಥ ಊರುಗಳಿಂದ ಅಕ್ಕಿ ಗಿರಣಿಗೋ, ಇಟ್ಟಿಗೆ ಭಟ್ಟಿಗೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗಿ ದುಡಿಯುವವರಿದ್ದಾರೆ. ಅಂಥವರ ಕೈ ಯಂತ್ರಕ್ಕೆ ಸಿಕ್ಕರೆ ಮೊದಲು ನಿಲ್ಲುವುದು ಸಂಬಳ, ಅದರ ಬೆನ್ನಿಗೇ ಮಕ್ಕಳ ಓದು. ಪಿ.ಯು.ಸಿ.ಗೆ ಶುಲ್ಕ ಕಟ್ಟಬೇಕಾದ ಹುಡುಗ ಅಪ್ಪನ ಜಾಗದಲ್ಲಿ ಮೂಟೆ ಹೊರಲು ನಿಲ್ಲುತ್ತಾನೆ. ಹಾಗಾಗಿ ಈ ಕಾನೂನು ಓದುವ ಮಕ್ಕಳಿಗೂ ತಿಳಿದಿರಬೇಕು.

ಪರಿಹಾರ ಕೇಳಿದಾಗ ಬರುವ ಉತ್ತರಗಳು ಸಾಮಾನ್ಯವಾಗಿ ಮೂರು. ‘ಅವನು ನಮ್ಮ ಆಳಲ್ಲ, ಮೇಸ್ತ್ರಿಯ ಆಳು.’ ‘ತಪ್ಪು ಅವನದೇ.’ ‘ಆಸ್ಪತ್ರೆ ಬಿಲ್ ಕಟ್ಟಿದ್ದೇವೆ, ಸಹಿಯೂ ಮಾಡಿದ್ದಾನೆ.’ ಇವನ್ನು ಕೇಳಿ ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ಆದರೆ ಮಾಲೀಕನ ಅಥವಾ ವಿಮಾ ಕಂಪನಿಯ ‘ಇಲ್ಲ’ ಎಂಬುದು ತೀರ್ಪಲ್ಲ. ತೀರ್ಪು ಕೊಡುವವರು ಬೇರೆಯೇ ಇದ್ದಾರೆ.

1923ರ ಕಾರ್ಮಿಕರ ಪರಿಹಾರ ಕಾಯ್ದೆ ಈ ಹಕ್ಕನ್ನು ಕೊಟ್ಟಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮೂಲ ನಿಯಮಗಳು ಬಹುಪಾಲು ಅವೇ. ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಬಂದವನ ಹೊಣೆಯನ್ನೂ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕ ಹೊರಬೇಕು. ಬರೀ ಅಜಾಗರೂಕತೆ ಪರಿಹಾರವನ್ನು ತಪ್ಪಿಸದು. ಕುಡಿದಿದ್ದ ಅಥವಾ ಬೇಕೆಂದೇ ಸುರಕ್ಷತಾ ನಿಯಮ ಮುರಿದ ಎಂಬ ವಾದವೂ ಸಾವು ಮತ್ತು ಶಾಶ್ವತ ಪೂರ್ಣ ಅಂಗವಿಕಲತೆಯ ಪ್ರಕರಣಗಳಲ್ಲಿ ನಡೆಯದು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ.

ಮೊತ್ತ ಎಷ್ಟು? ತಿಂಗಳಿಗೆ 12,000 ರೂ. ದುಡಿಯುವ 40 ವರ್ಷದವನ ಒಂದು ಕೈಯ ನಾಲ್ಕು ಬೆರಳು ಹೋದವು ಎಂದಿಟ್ಟುಕೊಳ್ಳಿ. ಕೂಲಿಯ ಶೇ. 60, ಅಂದರೆ 7,200 ರೂ. ಆ ವಯಸ್ಸಿಗೆ ನಿಗದಿಯಾದ ಗುಣಕ 184.17. ಗುಣಿಸಿದರೆ 13,26,024 ರೂ. ನಾಲ್ಕು ಬೆರಳಿಗೆ ಪಟ್ಟಿಯಲ್ಲಿ ಶೇ. 50 ಎಂದಿರುವುದರಿಂದ ಸಿಗಬೇಕಾದದ್ದು 6,63,012 ರೂ. ಆಸ್ಪತ್ರೆಯ ಖರ್ಚು ಇದರಿಂದ ಕಳೆಯತಕ್ಕದ್ದಲ್ಲ, ಅದು ಬೇರೆ. ತಿಂಗಳೊಳಗೆ ಹಣ ಕೊಡದಿದ್ದರೆ ಬಡ್ಡಿ ಸೇರುತ್ತದೆ. ಸಕಾರಣವಿಲ್ಲದೆ ತಡಮಾಡಿದರೆ ಶೇ. 50ರವರೆಗೆ ದಂಡವನ್ನೂ ಹಾಕಬಹುದು.

ಪಟ್ಟಿಯ ಲೆಕ್ಕವೇ ಕೊನೆಯ ಮಾತೂ ಅಲ್ಲ. 1968ರಲ್ಲಿ ಒಡಿಶಾದ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಇದು ಪೂರ್ಣ ಅಂಗವಿಕಲತೆಯೇ ಎಂದು ಸುಪ್ರೀಂ ಕೋರ್ಟ್ 1975ರ ಡಿಸೆಂಬರ್‌ನಲ್ಲಿ ಹೇಳಿತು. ಹೋದ ಅಂಗದ ಜೊತೆಗೆ ಹೋದ ಕಸುಬನ್ನೂ ನೋಡಬೇಕು.

ಅರ್ಜಿಯನ್ನು ಅಪಘಾತವಾದ ಎರಡು ವರ್ಷದೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಕೊಡಬೇಕು. ಬೆಂಗಳೂರಿನಲ್ಲಿ ಅಪಘಾತವಾದರೂ ಮನೆಯವರು ತಾವು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. ಇ.ಎಸ್.ಐ. ಸೌಲಭ್ಯವಿದ್ದವರು ಮಾತ್ರ ಆ ನಿಗಮಕ್ಕೇ ಹೋಗಬೇಕು. ಅಲ್ಲಿ ನಿರಾಕರಿಸಿದರೆ ಕಾರ್ಮಿಕ ವಿಮಾ ನ್ಯಾಯಾಲಯವಿದೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ‘ಇಲ್ಲಿ ಸೋತರೆ ಹೈಕೋರ್ಟಿದೆ’ ಎಂದು ಮೊದಲ ವಿಚಾರಣೆಯನ್ನು ಹಗುರವಾಗಿ ಕಾಣಬಾರದು. 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು, ನಿಜ. ಆದರೆ ಅಲ್ಲಿ ಎತ್ತಬಹುದಾದದ್ದು ಕಾನೂನಿನ ಮಹತ್ವದ ಪ್ರಶ್ನೆ ಮಾತ್ರ. ಕರ್ನಾಟಕದ ಕಾರ್ಮಿಕರ ಪ್ರಕರಣವೊಂದರಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಅಂಗವಿಕಲತೆ ಎಷ್ಟು ಎಂಬಂಥ ಸಂಗತಿಗಳಲ್ಲಿ ಪರಿಹಾರ ಆಯುಕ್ತರ ನಿರ್ಣಯವೇ ಕೊನೆಯದು. ಈ ನಿಯಮ ಎರಡಲಗಿನ ಕತ್ತಿ. ಗೆದ್ದ ಕಾರ್ಮಿಕನನ್ನು ಕಾಯುತ್ತದೆ. ಸಾಕ್ಷ್ಯವಿಲ್ಲದೆ ಸೋತವನಿಗೆ ಮತ್ತೆ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ಕಾಗದಪತ್ರ ಮೊದಲ ದಿನದಿಂದಲೇ ಸರಿಯಿರಬೇಕು. ಮನೆಯಲ್ಲಿ ಓದುಬರಹ ಬಲ್ಲ ಮಗನೋ ಮಗಳೋ ಇದ್ದರೆ ಇದು ಅವರ ಕೆಲಸ. ತಾರೀಖು, ಹೊತ್ತು, ಯಾವ ಯಂತ್ರ, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಅಂದೇ ಬರೆದಿಡಿ. ಆಸ್ಪತ್ರೆಯ ಚೀಟಿಯಲ್ಲಿ ‘ಮನೆಯಲ್ಲಿ ಬಿದ್ದದ್ದು’ ಎಂದು ಯಾರದೋ ಒತ್ತಾಯಕ್ಕೆ ಬರೆಸಬೇಡಿ. ಆ ಒಂದು ಸಾಲು ಇಡೀ ಅರ್ಜಿಯನ್ನು ಕೆಡಿಸಬಲ್ಲದು. ಕೂಲಿಯ ಚೀಟಿ, ಬ್ಯಾಂಕ್ ಪಾಸ್‌ಬುಕ್, ವೈದ್ಯರ ಪ್ರಮಾಣಪತ್ರ ಜೋಪಾನವಾಗಿಡಿ. ಮಾಲೀಕರಿಗೆ ನೋಟಿಸನ್ನು ನೋಂದಣಿ ಸೌಲಭ್ಯವಿರುವ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಕಾನೂನಿನ ಪ್ರಶ್ನೆ ಇದ್ದಾಗ ಮೇಲ್ಮನವಿ ಫಲ ಕೊಟ್ಟದ್ದೂ ಉಂಟು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರ ಏಪ್ರಿಲ್ 22ರಂದು ನಸುಕಿನ ಪಾಳಿಗೆ ಹೊರಟಿದ್ದ. ಕಾರ್ಖಾನೆ ಇನ್ನೂ 5 ಕಿ.ಮೀ. ಇರುವಾಗ ಅಪಘಾತದಲ್ಲಿ ತೀರಿಕೊಂಡ. ಮನೆಯಲ್ಲಿ ಹೆಂಡತಿ, ನಾಲ್ವರು ಮಕ್ಕಳು, ತಾಯಿ. ಮೊದಲು 3,26,140 ರೂ. ಮಂಜೂರಾಯಿತು, ದಾರಿಯಲ್ಲಿ ಆದದ್ದು ಕೆಲಸದ ಅಪಘಾತವಲ್ಲ ಎಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ಆದೇಶವನ್ನೇ ಎತ್ತಿಹಿಡಿಯಿತು. ಆದರೆ ಅಷ್ಟರಲ್ಲಿ 22 ವರ್ಷ ಕಳೆದಿತ್ತು. ಆ ಮಕ್ಕಳ ಶಾಲೆಯ ವಯಸ್ಸು ದಾಟಿಹೋಗಿತ್ತು.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಮಗನನ್ನು ಕಾಲೇಜು ಬಿಡಿಸುವ ಮೊದಲು ಅಲ್ಲಿಗೊಮ್ಮೆ ಹೋಗಿ ಬರುವುದು ಒಳ್ಳೆಯದು.