ಡಿಜಿಟಲ್ ರೇಡಿಯೊ ಗುಡ್ಡ ಹತ್ತೀತೇ?



ಮನೆಬಳಕೆಯ ಡಿಜಿಟಲ್ ರೇಡಿಯೊ ಸೆಟ್ಟುಗಳ ಗುಣಗಾನ ಜೋರಾಗಿದೆ. ಸ್ವಚ್ಛ ಧ್ವನಿ, ಪರದೆಯ ಮೇಲೆ ಅಕ್ಷರ, ಒಂದೇ ತರಂಗಾಂತರದಲ್ಲಿ ಹಲವು ವಾಹಿನಿ. ಆದರೂ ಮಲೆನಾಡಿನ ಹಾನುಬಾಳಿನಂಥ ಊರಿನ ಕೇಳುಗರು ದುಡ್ಡು ಬಿಚ್ಚುವ ಮೊದಲು ಹಿಂದೆಮುಂದೆ ನೋಡುವುದು ನ್ಯಾಯವಾಗಿದೆ.

ಆಕಾಶವಾಣಿ ಡಿ.ಆರ್.ಎಂ. ಎಂಬ ಡಿಜಿಟಲ್ ಪ್ರಸಾರ ತಂತ್ರಜ್ಞಾನ ಆರಿಸಿಕೊಂಡು ಹತ್ತು ವರ್ಷ ದಾಟಿತು. ಬೆಂಗಳೂರಿನ 612 ಕಿಲೋಹರ್ಟ್ಸ್ ಮಧ್ಯಮ ತರಂಗ ಕೇಂದ್ರವೂ ಅದಕ್ಕೆ ಸಜ್ಜಾಯಿತು. ಅದನ್ನು ಹಿಡಿಯುವ ಸೆಟ್ಟು ಮಾತ್ರ ಊರಂಗಡಿಗಳಲ್ಲಿ ಸುಲಭವಾಗಿ ಸಿಗದು. ಸಿಕ್ಕರೂ ಬೆಲೆ ಸಾಮಾನ್ಯ ಟ್ರಾನ್ಸಿಸ್ಟರಿನ ಹಲವು ಪಟ್ಟು.

ಮಲೆನಾಡಿನ ತೊಡಕು ಬೇರೆಯೇ. ಸಿಗ್ನಲ್ ಸೊರಗಿದಾಗ ಎಫ್.ಎಂ. ಗೊರಗೊರ ಎನ್ನುತ್ತಲೇ ಮಾತು ತಲುಪಿಸುತ್ತದೆ. ಡಿಜಿಟಲ್ ಸೆಟ್ಟು ಒಂದು ಮಿತಿಯ ಕೆಳಗೆ ಥಟ್ಟನೆ ಮೂಕವಾಗುತ್ತದೆ. ಗುಡ್ಡದ ಮರೆಯ ಮನೆಗಳಿಗೆ ಇದು ಸಣ್ಣ ಮಾತಲ್ಲ. ಸಂಕೇತ ಬಿಡಿಸುವ ಚಿಪ್ಪಿಗೆ ವಿದ್ಯುತ್ತೂ ಹೆಚ್ಚು ಬೇಕು. ಆಷಾಢದ ಮಳೆಗೆ ಕರೆಂಟು ಹೋದಾಗ ಮನೆಯವರು ನೆಚ್ಚುವುದು ಎರಡು ಸೆಲ್ಲಿನ ರೇಡಿಯೊವನ್ನೇ.

ಖಾಸಗಿ ಡಿಜಿಟಲ್ ರೇಡಿಯೊ ಕುರಿತು 2025ರ ಅಕ್ಟೋಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮಾಡಿದ ಶಿಫಾರಸು ಮೊದಲಿಗೆ ಹೆಸರಿಸಿದ್ದು 13 ದೊಡ್ಡ ನಗರಗಳನ್ನು. ಕರ್ನಾಟಕದಿಂದ ಬೆಂಗಳೂರು ಮಾತ್ರ. ಡಿಜಿಟಲ್ ಬಂತೆಂದು ಎಫ್.ಎಂ. ನಿಲ್ಲಿಸಿದರೆ ಏನಾದೀತು ಎಂಬುದಕ್ಕೆ ಉದಾಹರಣೆಯೂ ಇದೆ: ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್.ಎಂ. ನಿಲ್ಲಿಸಿದಾಗ ಹಳೆಯ ಸೆಟ್ಟಿನವರಿಗೆ ಆ ವಾಹಿನಿಗಳೇ ಕೈತಪ್ಪಿದವು.

ಇಲ್ಲಿ ಹಾಗಾಗಬಾರದು. ಹಾಸನ, ಸಕಲೇಶಪುರ, ಆಲೂರುಗಳಲ್ಲಿ ಮಳೆಗಾಲದಲ್ಲೇ ಪರೀಕ್ಷೆ ನಡೆಸಿ, ಯಾವ ಊರಿಗೆ ಎಷ್ಟು ಸಿಗ್ನಲ್ ಎಂಬ ನಕ್ಷೆಯನ್ನು ಪ್ರಸಾರ ಭಾರತಿ ಪ್ರಕಟಿಸಲಿ. ಅಲ್ಲಿಯವರೆಗೆ ಹಾಸನ ಆಕಾಶವಾಣಿಯ ಎಫ್.ಎಂ. ಪ್ರಸಾರಕ್ಕೆ ಕೈ ಹಚ್ಚದಿರಲಿ.

– ಓದುಗರೊಬ್ಬರು, ಹಾನುಬಾಳು, ಸಕಲೇಶಪುರ ತಾಲ್ಲೂಕು