ಕಿವಿಯಿಂದ ನೋಡುವ ನಾಟಕ

ನಾಟಕವನ್ನು ದೃಶ್ಯಕಾವ್ಯವೆಂದು ಕರೆದ ನಮ್ಮ ಆಲಂಕಾರಿಕರು ಉಳಿದುದೆಲ್ಲವನ್ನೂ ಶ್ರವ್ಯವೆಂದು ಬೇರೆ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಬಾನುಲಿಯು ಬಂದು ಈ ಪಂಕ್ತಿಭೇದವನ್ನು ಕೆಡಿಸಿತು. 1924ರ ಜನವರಿಯಲ್ಲಿ ಬಿ.ಬಿ.ಸಿ.ಯು ಬಾನುಲಿಗೆಂದೇ ಬರೆದ ಕಿರುನಾಟಕವೊಂದನ್ನು ಪ್ರಸಾರ ಮಾಡಿತು. ಬರೆದವರು ರಿಚರ್ಡ್ ಹ್ಯೂಸ್. ಕಲ್ಲಿದ್ದಲ ಗಣಿಯಲ್ಲಿ ದೀಪವಾರಿ, ಪಾತ್ರಗಳಿಗೇ ಏನೂ ಕಾಣದಂತಾಗುವುದು ಅದರ ವಸ್ತು. ಕೇಳುವವನ ಕೊರತೆಯನ್ನು ನಾಟಕದೊಳಗಿನವರ ಮೇಲೂ ಹೊರಿಸಿದ ಈ ಉಪಾಯ ಜಾಣತನದ್ದೇ ಸರಿ. ಆದರೆ ಎಲ್ಲ ನಾಟಕಗಳನ್ನೂ ಗಣಿಗೆ ಇಳಿಸಲಾದೀತೆ? ರಂಗಕ್ಕೆಂದು ಬರೆದುದನ್ನು, ಅದರಲ್ಲಿಯೂ ಶ್ರೇಷ್ಠವೆಂದು ನಾವು ಒಪ್ಪಿರುವ ಕೃತಿಗಳನ್ನು, ಕಿವಿಗೆ ಒಪ್ಪಿಸುವುದು ಹೇಗೆ?

ನಮ್ಮ ನಾಡಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ತೆರೆದರು. 1950ರಲ್ಲಿ ಧಾರವಾಡವೂ 1955ರಲ್ಲಿ ಬೆಂಗಳೂರೂ ದನಿಗೂಡಿಸಿದವು. ಕರಾವಳಿಗೆ ಸ್ವಂತ ಕೇಂದ್ರ ಬಂದುದು 1976ರಲ್ಲಿ. ಹೆಸರು ಮಂಗಳೂರಿನದಾದರೂ ಅದರ ಮಧ್ಯಮ ತರಂಗದ ಪ್ರಸಾರಸ್ತಂಭ ಇದ್ದುದು ಬ್ರಹ್ಮಾವರದಲ್ಲಿ ಎಂಬುದನ್ನು ಉಡುಪಿಯವರಾದ ನಾವು ಸಂದರ್ಭ ಸಿಕ್ಕಾಗಲೆಲ್ಲ ಎತ್ತಿ ಹೇಳುವುದುಂಟು.

ಬಾನುಲಿ ನಾಟಕವೆಂದೊಡನೆ ಹಲವರಿಗೆ ಸದ್ದುಗಳು ನೆನಪಾಗುತ್ತವೆ. ತೆಂಗಿನ ಗೆರಟೆಗಳೆರಡನ್ನು ಮೇಜಿನ ಮೇಲೆ ತಟ್ಟಿದರೆ ಕುದುರೆ ಓಡುತ್ತದೆ. ಮೊರದಲ್ಲಿ ಕಾಳುಗಳನ್ನು ಅತ್ತಿತ್ತ ಹೊರಳಿಸಿದರೆ ಕಡಲು ಮೊರೆಯುತ್ತದೆ. ಕಾಪುವಿನ ದೀಪಸ್ತಂಭದ ಬುಡದಲ್ಲಿ ನಿಂತು ನಿಜವಾದ ಕಡಲನ್ನೇ ಧ್ವನಿಮುದ್ರಿಸಿ ತಂದವರಿಗೆ, ಮನೆಯಲ್ಲಿ ಕೇಳುವಾಗ ಯಾರೋ ಬಾಣಲೆಯಲ್ಲಿ ಹಪ್ಪಳ ಕರಿಯುತ್ತಿರುವಂತೆ ತೋರಿದರೆ ಆಶ್ಚರ್ಯವಿಲ್ಲ. ಇವೆಲ್ಲ ಮೋಜಿನ ಸಂಗತಿಗಳು. ನಿಜವಾದ ತೊಡಕು ಸದ್ದಿನಲ್ಲಿಲ್ಲ, ಮೌನದಲ್ಲಿದೆ.

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಪ್ರಾರ್ಥನೆಯ ದೃಶ್ಯವನ್ನು ನೆನೆಯಿರಿ. ಸುಲ್ತಾನನನ್ನು ಕೊಲ್ಲಲು ಅಮೀರರು ಕಠಾರಿ ಹಿರಿದು ಏಳುತ್ತಾರೆ; ಅಷ್ಟರಲ್ಲಿ ಸುಲ್ತಾನನ ಸೈನಿಕರು ನುಗ್ಗಿ ಬಂದು ಅವರನ್ನು ಸುತ್ತುವರಿಯುತ್ತಾರೆ. ಈ ಗದ್ದಲದ ನಡುವೆ ಸುಲ್ತಾನನು ತಲೆಯೆತ್ತದೆ ಪ್ರಾರ್ಥನೆಯನ್ನು ಮುಂದುವರಿಸುತ್ತಾನೆ. ಆ ಬಾಗಿದ ಬೆನ್ನೇ ಅಲ್ಲಿಯ ನಾಟಕ. ಬೆನ್ನಿಗೆ ದನಿಯೆಲ್ಲಿ? ನಿರೂಪಕನೊಬ್ಬನು ನಡುವೆ ಬಂದು ಗಂಭೀರಸ್ವರದಲ್ಲಿ ವಿವರಿಸತೊಡಗಿದನೆಂದರೆ ರಸವು ಅಲ್ಲಿಯೇ ಆರಿಹೋಗುತ್ತದೆ. ನಿರೂಪಕನನ್ನು ನಾನು ಎಂದೂ ಒಪ್ಪಿದವನಲ್ಲ. ಅವನು ಊಟದ ನಡುವೆ ಪಾಕಶಾಸ್ತ್ರ ಹೇಳುವವನು. ಅದೇ ಕಾರ್ನಾಡರು ಬಿ.ಬಿ.ಸಿ.ಯ ಕೋರಿಕೆಯಂತೆ ಬಾನುಲಿಗೆಂದು ಟಿಪ್ಪುವಿನ ಕನಸುಗಳ ನಾಟಕವನ್ನು ಬರೆದಾಗ ಈ ತೊಡಕು ಬರಲಿಲ್ಲ. ಕಿವಿಗೆಂದು ಹುಟ್ಟಿದ ಅದು ಆಮೇಲೆ ರಂಗವನ್ನೇರಿತು.

ಕಣ್ಣಿನ ಹಂಗಿಲ್ಲದ ನಾಟಕವು ನಮ್ಮ ಜಿಲ್ಲೆಗೆ ಹೊಸತೇನಲ್ಲ. ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಶಾಲು ಹೊದ್ದು ಎದುರುಬದುರು ಕುಳಿತ ಅರ್ಥಧಾರಿಗಳು, ಭಾಗವತರ ಪದ, ಮದ್ದಳೆ, ಅಷ್ಟೆ. ಅಲ್ಲಿ ಕುಳಿತ ಕೃಷ್ಣನು ಕನ್ನಡಕ ಹಾಕಿರುತ್ತಾನೆ. ಕೌರವನು ನಡುವೆ ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಇವನ್ನು ಕಂಡೂ ಕಾಣದಂತಿರಲು ನಮ್ಮವರು ಕಲಿತಿದ್ದಾರೆ. ಬಾನುಲಿಯು ಕೇಳುವ ಮೂರು ಪ್ರಶ್ನೆಗಳಿಗೆ, ಯಾರು, ಎಲ್ಲಿ, ಏಕೆ ಬಂದರು ಎಂಬುದಕ್ಕೆ, ಅರ್ಥಧಾರಿಯು ತನ್ನ ಪೀಠಿಕೆಯಲ್ಲಿಯೇ ಉತ್ತರ ಕೊಟ್ಟುಬಿಡುತ್ತಾನೆ. ಎದುರಾಳಿಯನ್ನು ಪಾರ್ಥನೆಂದೂ ಫಲುಗುಣನೆಂದೂ ಹೆಸರು ಹಿಡಿದು ಕರೆಯುತ್ತಲೇ ಇರುವುದರಿಂದ ಯಾರೊಡನೆ ಮಾತೆಂಬ ಗೊಂದಲವಿಲ್ಲ. ದೃಶ್ಯ ಬದಲಾಗಬೇಕೆ? ಭಾಗವತರು ಒಂದು ಪದ ಎತ್ತಿದರೆ ದ್ವಾರಕೆಯಿಂದ ಹಸ್ತಿನಾವತಿಗೆ ಬಂದಂತಾಯಿತು. ಕಾರ್ಕಳ ಸೀಮೆಯ ನಂದಳಿಕೆಯ ಮುದ್ದಣ (1870-1901) ‘ಶ್ರೀರಾಮಾಶ್ವಮೇಧ’ದಲ್ಲಿ ಮುದ್ದಣ-ಮನೋರಮೆಯರನ್ನು ಮಳೆಗಾಲದ ಹೊತ್ತು ಕಳೆಯಲು ಮಾತಿಗೆ ಕುಳ್ಳಿರಿಸಿದನಲ್ಲ, ಆ ಎರಡು ಕಂಠಗಳ ಹಿಂದೆಯೂ ಈ ಕೂಟಗಳ ಅಭ್ಯಾಸವಿದ್ದೀತೆಂದು ನನ್ನ ಊಹೆ. ಅವನು ಯಕ್ಷಗಾನ ಪ್ರಸಂಗಗಳನ್ನೂ ಬರೆದವನು.

ಈ ಅಭ್ಯಾಸದ ಬಲವನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಕಾರ್ಕಳದ ಕಡೆಯ ಹಳ್ಳಿಯಿಂದ ಬರುವ, ಮನೆಯಲ್ಲಿ ತುಳುವನ್ನಾಡುವ ವಿದ್ಯಾರ್ಥಿನಿಯೊಬ್ಬಳು ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಗಟ್ಟಿಯಾಗಿ ಓದಲಾರದೆ ತಡವರಿಸಿದಳು. ಹಳೆಯ ಮೈಸೂರಿನ ಮನೆಮಾತು ಅವಳಿಗೆ ಪರದೇಶವೇ ಆಗಿತ್ತು. ಆದರೆ ಸಂಸರ ‘ವಿಗಡ ವಿಕ್ರಮರಾಯ’ದ ಹಳೆಯ ಗತ್ತಿನ ಕನ್ನಡವನ್ನು, ಬೆಂಗಳೂರಿನ ಮಕ್ಕಳು ಹೆದರುವ ಆ ಕನ್ನಡವನ್ನು, ಎಲ್ಲಿ ಉಸಿರು ಹಿಡಿಯಬೇಕೋ ಅಲ್ಲಿ ಹಿಡಿದು ಸರಾಗವಾಗಿ ಓದಿದಳು. ಕೇಳಿದರೆ, “ಅಜ್ಜ ಅರ್ಥ ಹೇಳುತ್ತಿದ್ದರು ಸಾರ್” ಎಂದಳು. ಅವಳ ತಮ್ಮನಿಗೆ ಈ ಕನ್ನಡ ತಲೆಗೆ ಹತ್ತುವುದಿಲ್ಲವಂತೆ. ಅಜ್ಜ ತೀರಿಕೊಂಡಾಗ ಅವನಿಗೆ ಮೂರು ವರ್ಷ.

ಹಳೆಯ ನಾಟಕಗಳನ್ನು ಧ್ವನಿರೂಪಕ್ಕೆ ತರಲು ಇಂದು ಸಲಕರಣೆಯ ಬಡತನವಿಲ್ಲ. ಮಣಿಪಾಲದಲ್ಲಿ ಸಮುದಾಯ ಬಾನುಲಿಯಿದೆ, ಉಡುಪಿಯಲ್ಲಿ 1965ರಲ್ಲಿ ಹುಟ್ಟಿದ ‘ರಂಗಭೂಮಿ’ಯಂಥ ಹವ್ಯಾಸಿ ಸಂಸ್ಥೆಯಿದೆ, ಧ್ವನಿಮುದ್ರಿಸುವ ಯಂತ್ರವಂತೂ ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯಲ್ಲಿದೆ. ಇಲ್ಲದಿರುವುದು ಮಾದರಿ. ಮಾತಿನಿಂದಲೇ ರಂಗ ಕಟ್ಟುವುದನ್ನು ಕಲಿಯಲು ಶೇಣಿ ಗೋಪಾಲಕೃಷ್ಣ ಭಟ್ಟರನ್ನೋ ಮಲ್ಪೆಯ ಸಾಮಗ ಸೋದರರನ್ನೋ ಕೇಳಬೇಕು. ಶೇಣಿಯವರು 2006ರಲ್ಲಿ ತೀರಿಕೊಂಡರು, ಸಾಮಗರೂ ಇಂದಿಲ್ಲ. ಆಗಿಂದಾಗ ಹುಟ್ಟಿದ ಅವರ ಅರ್ಥವನ್ನು ಯಾವ ಪುಸ್ತಕವೂ ಪೂರ್ತಿ ಹಿಡಿದಿಡಲಾರದು. ಮನೆಮನೆಗಳ ಕಪಾಟಿನಲ್ಲಿ ಕುಳಿತಿರುವ ಕ್ಯಾಸೆಟ್ಟುಗಳಲ್ಲಿ, ರೇಡಿಯೋದಿಂದ ಹಿಡಿದಿಟ್ಟ ನಾಟಕಗಳ ಜೊತೆಯಲ್ಲಿ, ಆ ಕಂಠಗಳಿವೆ. ನಮ್ಮ ಮಳೆಗಾಲಕ್ಕೆ ಇವಾವುದರ ದಾಕ್ಷಿಣ್ಯವೂ ಇಲ್ಲ. ಆ ವಿದ್ಯಾರ್ಥಿನಿಯ ಅಜ್ಜನ ಕೂಟದ ಕ್ಯಾಸೆಟ್ಟೊಂದು ಮನೆಯಲ್ಲಿದೆ. ಸುರುಳಿಯ ಅಂಚಿಗೆಲ್ಲ ಬಿಳಿಯ ಬೂಸಲು ಹಿಡಿದಿದೆ.

ಅಂಥದನ್ನು ಆತುರದಿಂದ ಯಂತ್ರಕ್ಕೆ ಹಾಕಬಾರದು. ಬೂಸಲು ಯಂತ್ರದ ತಲೆಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಬಲ್ಲವರಲ್ಲಿ ಒಣಗಿಸಿ, ಶುಚಿಮಾಡಿಸಿ, ಬಳಿಕ ನಕಲಿಳಿಸಬೇಕು. ನಕಲಿಗೆ ಒಳದಾರಿಯನ್ನು ಹುಡುಕದಿರುವುದು ಲೇಸು: ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ, ನಲವತ್ತೈದು ಕಳೆದಾಗ ಎದ್ದು ಮಗುಚಿ ಹಾಕಬೇಕು. ಬರುವ ಭಾನುವಾರ ಆ ಹುಡುಗಿಯ ಮನೆಯಲ್ಲಿ ಈ ಕೆಲಸ ನಡೆಯಲಿದೆ. ಮಗುಚಿ ಹಾಕುವ ಹೊಣೆಯನ್ನು ತಮ್ಮನಿಗೆ ವಹಿಸಿದ್ದಾರೆ.