ಮೋಟಾರು ಒಳ್ಳೆಯದಿದ್ದರೆ ಸಾಲದು, ಕೇಬಲ್ಲೂ ತಕ್ಕದ್ದಿರಬೇಕು



ಹೊಸ ಪಂಪ್‌ಸೆಟ್ ತರುವಾಗ ಯಾವ ಕಂಪನಿಯ ಮೋಟಾರು ಒಳ್ಳೆಯದೆಂದು ನಾವು ನಾಲ್ಕು ಮಂದಿಯನ್ನು ಕೇಳುತ್ತೇವೆ. ಅಂಗಡಿಯಲ್ಲಿ ಚೌಕಾಸಿ ಮಾಡಿ, ಗ್ಯಾರಂಟಿ ಕಾರ್ಡಿಗೆ ಸಿಕ್ಕೆ ಹಾಕಿಸಿಕೊಳ್ಳುತ್ತೇವೆ. ಕೇಬಲ್ಲಿನ ಮಾತು ಬಂದಾಗ ಮಾತ್ರ, "ಯಾವುದರ ಒಂದು ಕೊಡ್ರಿ, ವೈರ್ ವೈರ ಅಲ್ಲೇನ್ರಿ?" ಎಂದುಬಿಡುತ್ತೇವೆ. ಈ ಒಂದು ಮಾತಿಗೆ ನಾವು ತೆತ್ತ ಬೆಲೆ ಸಣ್ಣದಲ್ಲ.

ಕಲಘಟಗಿ ತಾಲ್ಲೂಕಿನ ನಮ್ಮ ದೇವಿಕೊಪ್ಪದಂಥ ಊರುಗಳಲ್ಲಿ ಟೀಸಿ ಒಂದು ಕಡೆ, ಮೀಟರ್ ಬೋರ್ಡು ಇನ್ನೊಂದು ಕಡೆ, ಬಾವಿ ಮತ್ತೊಂದು ಕಡೆ ಇರುವುದು ಸಾಮಾನ್ಯ. ನಮ್ಮ ತೋಟದಲ್ಲಿ ಬೋರ್ಡಿನಿಂದ ಬಾವಿಗೆ 300 ಮೀಟರ್ ದೂರ. 5 ಎಚ್‌ಪಿ ಮೋಟಾರಿಗೆ ಎರಡೂವರೆ ಎಂಎಂ ತಾಮ್ರದ ಕೇಬಲ್ ಎಳೆದೆವು. ಒಂದೇ ಬೇಸಿಗೆಯಲ್ಲಿ ಮೋಟಾರು ಎರಡು ಸಲ ಸುಟ್ಟಿತು. ಮೊದಲು ಕಂಪನಿಯನ್ನು ಬೈದೆವು, ಆಮೇಲೆ ರಿವೈಂಡಿಂಗ್ ಮಾಡಿದವನನ್ನು ಬೈದೆವು. ಓವರ್‌ಲೋಡ್ ರಿಲೇ ಬಿದ್ದಾಗಲೆಲ್ಲ ಅದರ ತಿರುಪು ಏರಿಸಿ ಮತ್ತೆ ಚಾಲು ಮಾಡಿದ ಜಾಣರು ನಾವೇ! ಕೊನೆಗೆ ಒಬ್ಬ ಅನುಭವಿ ವೈರ್‌ಮನ್ ಮೋಟಾರು ಓಡುತ್ತಿರುವಾಗಲೇ ಅಳೆದು ತೋರಿಸಿದರು: ಬೋರ್ಡಿನಲ್ಲಿ 380 ವೋಲ್ಟ್, ಮೋಟಾರಿನ ಬಳಿ 350. ನಡುವಿನ 30 ವೋಲ್ಟನ್ನು ಕೇಬಲ್ ನುಂಗಿತ್ತು.

ಕಾರಣ ಸರಳವಾಗಿದೆ. 5 ಎಚ್‌ಪಿ ಮೋಟಾರು ಸುಮಾರು 8 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟನ್ನು ಎರಡೂವರೆ ಎಂಎಂ ತಂತಿ ಸುಡದೆ ತಾಳಿಕೊಳ್ಳುತ್ತದೆ ನಿಜ. ಆದರೆ ದೂರ ಹೆಚ್ಚಿದಂತೆ ತಂತಿಯ ತಡೆ ಹೆಚ್ಚುತ್ತದೆ, ವೋಲ್ಟೇಜ್ ಇಳಿಯುತ್ತದೆ. 415 ವೋಲ್ಟಿನ ಮೋಟಾರಿಗೆ ನೂರಕ್ಕೆ 10ರಷ್ಟು ಕಡಿಮೆ ಸಿಕ್ಕರೆ ಅದರ ತಿರುಗುಬಲ ನೂರಕ್ಕೆ 19ರಷ್ಟು ಕುಗ್ಗುತ್ತದೆ. ಎತ್ತಬೇಕಾದ ನೀರು ಮಾತ್ರ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಚಾಲು ಮಾಡುವ ಕ್ಷಣದಲ್ಲಂತೂ ಅದು ಐದಾರು ಪಟ್ಟು ಎಳೆಯುತ್ತದೆ. ಆದುದರಿಂದ ಕೇಬಲ್ಲನ್ನು ಎಚ್‌ಪಿ ನೋಡಿ ಆರಿಸಿದರೆ ಸಾಲದು, ದೂರವನ್ನೂ ನೋಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಕೊಳವೆ ಬಾವಿಯಾದರೆ ಒಳಗೆ ಇಳಿಬಿಟ್ಟ ಕೇಬಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದೇ 300 ಮೀಟರಿಗೆ 6 ಎಂಎಂ ತಾಮ್ರ ಹಾಕಿದರೆ ಇಳಿತ ಸುಮಾರು 13 ವೋಲ್ಟಿಗೆ ನಿಲ್ಲುತ್ತದೆ. "ಅಷ್ಟು ತಾಮ್ರಕ್ಕೆ ರೊಕ್ಕ ಎಲ್ಲಿಂದ ತರೂದು?" ಎಂಬುದು ನ್ಯಾಯವಾದ ಪ್ರಶ್ನೆ. 10 ಎಂಎಂ ಅಲ್ಯೂಮಿನಿಯಂ ಕೇಬಲ್ಲಿನ ತಡೆ 6 ಎಂಎಂ ತಾಮ್ರದಷ್ಟೇ, ಬೆಲೆಯೂ ಕಡಿಮೆ. ಆದರೆ ತುದಿಗೆ ತಕ್ಕ ಲಗ್ ಒತ್ತಿಸಬೇಕು. ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ಬರಿಗೈಯಲ್ಲಿ ಗಂಟು ಹಾಕಿದರೆ ಆ ಕೂಡು ಕಾಯ್ದು, ಸಡಿಲಾಗಿ, ಒಂದು ದಿನ ಫೇಸ್ ಹೋಗುತ್ತದೆ.

"ಕರೆಂಟು ಪುಕ್ಕಟೆ, ಹೋದರ ಹೋಗಲಿ" ಎನ್ನುವವರೂ ಇದ್ದಾರೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ 2008ರಿಂದ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿದೆ, ನಿಜ. ಆದರೆ ರಿವೈಂಡಿಂಗ್ ಪುಕ್ಕಟೆಯಲ್ಲ. ಮಾರ್ಚಿ-ಏಪ್ರಿಲ್‌ನಲ್ಲಿ ಎಂಟು ದಿನ ನೀರಿಲ್ಲದೆ ಉದುರಿದ ಅಡಿಕೆ ಮಿಡಿಯನ್ನು ಯಾರೂ ತುಂಬಿಕೊಡುವುದಿಲ್ಲ. ಬಿಲ್ಲು ಕಟ್ಟುವ ಬೆಳೆಗಾರರಿಗಂತೂ ಕೇಬಲ್ಲಿನಲ್ಲೇ ಕಾಯ್ದು ಹೋಗುವ ಅರ್ಧ ಕಿಲೋವಾಟಿನ ಹಣವೂ ಸೇರುತ್ತದೆ.

ಸೋಲಾರ್ ಪಂಪ್ ಹಾಕಿಸುವವರಿಗೆ ಇನ್ನೊಂದು ಎಚ್ಚರಿಕೆ. 2019ರಲ್ಲಿ ಕೇಂದ್ರದ ಪಿಎಂ-ಕುಸುಮ್ ಯೋಜನೆ ಬಂದ ಮೇಲೆ ಇವನ್ನು ಹಾಕಿಸುವ ಆಸೆ ನಮ್ಮಲ್ಲೂ ಬೆಳೆದಿದೆ. ಇಂಥ ಪಂಪುಗಳಲ್ಲಿ ಮೋಟಾರಿನ ವೇಗ ಹೊಂದಿಸುವ ಡ್ರೈವ್ ಕರೆಂಟನ್ನು ತುಂಡುತುಂಡಾಗಿ, ಬಲು ವೇಗದ ಬಡಿತಗಳಾಗಿ ಕಳಿಸುತ್ತದೆ. ಕೇಬಲ್ ಉದ್ದವಾದರೆ ಆ ಬಡಿತ ಮೋಟಾರಿಗೆ ತಾಗಿ ಹಿಂದೆ ಚಿಮ್ಮುವಾಗ ವೋಲ್ಟೇಜ್ ಕ್ಷಣಮಾತ್ರ ಎರಡು ಪಟ್ಟಿನ ಸಮೀಪಕ್ಕೆ ಏರಿ ಕಾಯಿಲಿನ ಹೊದಿಕೆಯನ್ನು ಒಡೆಯಬಲ್ಲದು. ಆದುದರಿಂದ ಕಾವಲಿಗೆ ಅನುಕೂಲವೆಂದು ಡ್ರೈವನ್ನು ಮನೆಯ ಪಡಸಾಲೆಗೆ ತರಬೇಡಿ, ಮೋಟಾರಿನ ಹತ್ತಿರವೇ ನೆರಳಿನಲ್ಲಿಡಿ. ತಯಾರಕರು ಬರೆದ ದೂರವನ್ನು ಮೀರಲೇಬೇಕಾದರೆ ಫಿಲ್ಟರ್ ಕೇಳಿ ಹಾಕಿಸಿ.

ದುಡ್ಡಿಗಿಂತ ದೊಡ್ಡದು ಜೀವ. ಅಡಿಕೆ ಮರದಿಂದ ಮರಕ್ಕೆ ಕೇಬಲ್ ಜೋತುಬಿಟ್ಟು, ಹರಿದಲ್ಲಿ ಟೇಪು ಸುತ್ತಿ, ಹಸಿ ನೆಲದಲ್ಲಿ ಬರಿಗಾಲಲ್ಲಿ ಓಡಾಡುವ ರೂಢಿ ನಿಲ್ಲಬೇಕು. ಐಎಸ್‌ಐ ಗುರುತಿನ, ಉಕ್ಕಿನ ಕವಚವಿರುವ ಕೇಬಲ್ಲನ್ನು ಎರಡೂವರೆ ಅಡಿ ಆಳದಲ್ಲಿ ಹೂಳಿ, ಮೇಲೆ ಇಟ್ಟಿಗೆ ಮುಚ್ಚಿಸಿ. ಕವಚಕ್ಕೂ ಮೋಟಾರಿನ ಮೈಗೂ ಅರ್ಥಿಂಗ್ ಕೊಡಿಸಿ.

ನಮ್ಮ ಸಂಘಕ್ಕೂ ಒಂದು ಮಾತು. ಗೊಬ್ಬರ, ಮೈಲುತುತ್ತವನ್ನು ಒಟ್ಟಿಗೆ ತರಿಸುವ ನಾವು ಕೇಬಲ್ಲನ್ನೂ ಸದಸ್ಯರ ಬೇಡಿಕೆ ಪಟ್ಟಿ ಮಾಡಿ ಒಟ್ಟಿಗೆ ತರಿಸಬಹುದು. ಕಚೇರಿಯಲ್ಲಿ ಒಂದು ಟಾಂಗ್ ಟೆಸ್ಟರ್ ಇಟ್ಟು, ಲೈಸೆನ್ಸ್ ಇರುವ ವೈರ್‌ಮನ್‌ನಿಂದ ಬೇಸಿಗೆಗೆ ಮುನ್ನ ಪ್ರತಿ ತೋಟದಲ್ಲಿ ಬೋರ್ಡು ಮತ್ತು ಮೋಟಾರು ಎರಡೂ ಕಡೆ ಅಳತೆ ಮಾಡಿಸಬಹುದು. ಎರಡರ ನಡುವೆ 12-13 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕೇಬಲ್ ಬದಲಿಸುವ ಸದಸ್ಯನಿಗೆ ಕಂತಿನ ಸಾಲ ಸಿಗಬೇಕು. ಮುಂದಿನ ಸಭೆಯಲ್ಲಿ ಈ ಬೇಡಿಕೆ ಇಡಲಿದ್ದೇವೆ. ಮೋಟಾರು ಸುಟ್ಟ ಅನುಭವ ಇದ್ದವರೆಲ್ಲ ತಪ್ಪದೆ ಬಂದು ದನಿಗೂಡಿಸಬೇಕೆಂದು ಕೋರುತ್ತೇವೆ.